ಒಂದ್ಸಲ ಆನ್ ಮಾಡಿ ನೋಡೋಣ

ಈ ನಾಲ್ಕು ಪದ ಕಿವಿಗೆ ಬಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಯಾಕೆ ಅಂತ ಹೇಳ್ತೀನಿ. ಉದ್ದ ಆಗುತ್ತೆ, ಪುರಸೊತ್ತಿದ್ದವರು ಓದಿ.

ನಿನ್ನೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿದ್ದೆ, ಎಚ್‌ಡಿಎಂಐ ಕೇಬಲ್ ತರೋಕೆ. (ಮನೇಲಿ ಹಾಗೇ ಹೇಳಿದ್ದು.) ಒಂದು ಸಂದಿಯೊಳಗಿನ ಗುಜರಿ ಅಂಗಡೀಲಿ, ಕೀಬೋರ್ಡುಗಳ ರಾಶಿ ಕೆಳಗಿಂದ ಬೂದು ಬಣ್ಣದ್ದೊಂದು ಮೂಲೆ ಇಣುಕ್ತಿತ್ತು. ಎಳೆದು ನೋಡಿದ್ರೆ ತೋಷಿಬಾ ಟಿ1000 ಲ್ಯಾಪ್‌ಟಾಪು! 1987ರ ಮಾಲು. ಮೂರು ಕೆಜಿಗೆ ಚೂರು ಕಮ್ಮಿ ತೂಕ, ಹಾರ್ಡ್ ಡಿಸ್ಕೇ ಇಲ್ಲ, ಮೆಮೊರಿ 512 ಕೆಬಿ. ಕಂಪ್ಯೂಟರ್ ನಡೆಸೋ ಮೂಲ ತಂತ್ರಾಂಶ ಎಂಎಸ್-ಡಾಸ್ 2.11 ಚಿಪ್ಪಿನೊಳಗೇ ಕೂತಿರೋದ್ರಿಂದ ಫ್ಲಾಪಿ ಇಲ್ಲದೇನೂ ಎದ್ದು ಕೂರುತ್ತೆ. ನಲವತ್ತು ವರ್ಷ ಆಗ್ತಾ ಬಂತು, ಕೀ ಒಂದೂ ಉದುರಿಲ್ಲ. ನನ್ನ ಕೈ ನಡುಗಿದ್ದು ಅಂಗಡಿ ಹುಡುಗನಿಗೆ ಕಾಣಿಸಿಬಿಡ್ತು, ಅಲ್ಲೇ ನಾನು ಕೆಟ್ಟೆ.

"ಎರಡೂವರೆ ಸಾವಿರ ಸಾರ್, ಆಂಟಿಕ್ಕು. ಒಂದ್ಸಲ ಆನ್ ಮಾಡಿ ನೋಡೋಣ ತಡೀರಿ."

ಬೇಡಪ್ಪಾ, ಬೇಡ ಕಣಪ್ಪಾ ಅನ್ನೋದರೊಳಗೆ ಯಾವುದೋ ವೈಫೈ ರೂಟರಿನ ಅಡಾಪ್ಟರ್ ತಂದ. ಎಷ್ಟು ವೋಲ್ಟು ಅಂತ ತಿರುಗಿಸಿಯೂ ನೋಡಲಿಲ್ಲ. ಪಿನ್ನಿನ ಒಳಗಡೆ ಪ್ಲಸ್ಸೋ ಮೈನಸ್ಸೋ, ಆ ಪ್ರಶ್ನೆ ಅವನ ಏಳು ತಲೆಮಾರಿಗೂ ಬಂದಿರಲಿಕ್ಕಿಲ್ಲ. ಚುಚ್ಚಿದ. ಒಳಗೆಲ್ಲೋ 'ಟಪ್' ಅಂತು. ಸುಟ್ಟ ವಾಸನೆ. ಹುಡುಗ ನಕ್ಕು "ಹಳೇ ಮಾಲು ಸಾರ್, ಹಂಗೇ ಆಗುತ್ತೆ" ಅಂದ. ಎಂಟುನೂರಕ್ಕೆ ಇಳಿಸಿದ. ತಗೊಂಡು ಬಂದೆ. ಬೈಕೊಳ್ತಾನೇ ಬಂದೆ.

ಅಲ್ರೀ, ಹತ್ತು ವರ್ಷ ಶೆಡ್ಡಲ್ಲಿ ನಿಂತ ಬಜಾಜ್ ಚೇತಕ್ ಇದ್ರೆ ಏನ್ಮಾಡ್ತೀರಿ? ಸೀದಾ ಹೋಗಿ ಕಿಕ್ ಹೊಡೀತೀರಾ? ಹಳೇ ಪೆಟ್ರೋಲ್ ಇಳಿಸ್ತೀರಿ, ಪ್ಲಗ್ ಬಿಚ್ಚಿ ಒರೆಸ್ತೀರಿ, ಕಾರ್ಬೊರೇಟರ್ ತೊಳೀತೀರಿ. ಸ್ಕೂಟರಿಗೆ ಇರೋ ಮರ್ಯಾದೆ ಕಂಪ್ಯೂಟರಿಗೆ ಯಾಕಿಲ್ಲ? ಬೋರ್ಡಿನ ಮೇಲೆ ಕರೆಂಟ್ ಕೂಡಿಟ್ಟು ಕೊಡೋ ಪುಟ್ಟ ಬಿಡಿಭಾಗ ಇರುತ್ತಲ್ಲ, ಕೆಪಾಸಿಟರ್, ಅದು ಕಲ್ಲಲ್ಲ. ಒಳಗಿನ ದ್ರವ ವರ್ಷಾನುಗಟ್ಟಲೆ ಕೂತು ಒಣಗುತ್ತೆ, ಇಲ್ಲಾ ಸೋರುತ್ತೆ. ಎಂಬತ್ತರ ದಶಕದ ಕೊನೆಯಿಂದ ಬಂದ ಸಣ್ಣ ಕೆಪಾಸಿಟರುಗಳಂತೂ ಸೋರೋದಕ್ಕೇ ಹುಟ್ಟಿದವು. ಅದನ್ನ ಕೀಳೋಕೆ ಅಂತ ಬಿಸಿ ಸೋಲ್ಡರಿಂಗ್ ಐರನ್ ಇಟ್ರೆ ಮೀನಿನ ವಾಸನೆ ಹೊಡೆಯುತ್ತೆ. ಈರುಳ್ಳೀನೇ ಯೋಚನೆ ಮಾಡಿ ತರೋ ಮನೆ ನಮ್ಮದು. ಮೊದಲ ಸಲ ಅಮ್ಮ ಮೂಗು ಹಿಡ್ಕೊಂಡು ಬಾಗಿಲಲ್ಲಿ ನಿಂತು ನನ್ನ ಮುಖಾನೇ ನೋಡ್ತಿದ್ರು, ಮಗ ಕೈ ಬಿಟ್ಟುಹೋದ ಅನ್ನೋ ಹಾಗೆ.

ಇನ್ನು ಸೀದಾ 230 ವೋಲ್ಟ್ ಕುಡಿಯೋ ಯಂತ್ರಗಳ ಕಥೆ ಬೇರೆ. ಆ ಕಾಲದ ಎಷ್ಟೋ ಪವರ್ ಸಪ್ಲೈಗಳಲ್ಲಿ ಜೇನಿನ ಬಣ್ಣದ ಚೌಕ ಕೆಪಾಸಿಟರ್ ಇರುತ್ತೆ. ಮೇಲಿನ ಪ್ಲಾಸ್ಟಿಕ್ಕು ಸಣ್ಣಗೆ ಬಿರುಕು ಬಿಟ್ಟು, ಒಳಗಿನ ಕಾಗದ ತೇವ ಹೀರಿರುತ್ತೆ. ಸ್ವಿಚ್ ಒತ್ತಿದ ಎರಡು ನಿಮಿಷಕ್ಕೆ ರೂಮು ತುಂಬ ಹೊಗೆ. ಆಸ್ಬರ್ನ್ 1 ಅನ್ನೋ ಕಂಪ್ಯೂಟರ್ ಹೀಗೆ ಹೊಗೆ ಕಾರೋದರಲ್ಲಿ ಹೆಸರುವಾಸಿ. 1981ರದ್ದು, ಹೊಲಿಗೆ ಮೆಷಿನ್ ಪೆಟ್ಟಿಗೆ ಥರ, ಹನ್ನೊಂದು ಕೆಜಿ, ಐದಿಂಚಿನ ಸ್ಕ್ರೀನು. ಅದನ್ನೂ 'ಪೋರ್ಟಬಲ್' ಅಂದ್ರು, ಎತ್ತಿದವನ ಭುಜಕ್ಕೆ ಗೊತ್ತು. ಅದನ್ನ ಮಾಡಿದ ಆಡಮ್ ಆಸ್ಬರ್ನ್ ಬಾಲ್ಯ ಕಳೆದಿದ್ದು ತಿರುವಣ್ಣಾಮಲೈಯಲ್ಲಿ, ಅಪ್ಪ ರಮಣ ಮಹರ್ಷಿಗಳ ಭಕ್ತ. 2003ರಲ್ಲಿ ಆತ ತೀರಿಕೊಂಡಿದ್ದೂ ಇಲ್ಲೇ, ಕೊಡೈಕೆನಾಲಿನಲ್ಲಿ. ಇದನ್ನ ಯಾರಿಗೆ ಹೇಳಿದ್ರೂ 'ಹೌದಾ' ಅಂದು ಫೋನ್ ನೋಡ್ತಾರೆ.

ಸರಿ, ವಿಷಯಕ್ಕೆ ಬರ್ತೀನಿ.

ಆನ್ ಮಾಡಿ ಸುಡೋರು ಒಂದು ಜಾತಿ. ಆನ್ ಆಗಲಿಲ್ಲ ಅಂತ ಎಸೆಯೋರು ಇನ್ನೊಂದು ಜಾತಿ. ಆಪಲ್ ಕಂಪನಿಯ 1989ರ ಮ್ಯಾಕಿಂತೋಷ್ ಪೋರ್ಟಬಲ್ ಒಳಗೆ ಲೆಡ್-ಆಸಿಡ್ ಬ್ಯಾಟರಿ, ಸಣ್ಣ ಯುಪಿಎಸ್‌ನಲ್ಲಿ ಇರೋ ಥರದ್ದು. ಆ ಬ್ಯಾಟರಿ ಸತ್ತಿದ್ರೆ ಅಡಾಪ್ಟರ್ ಸರಿಯಾಗಿದ್ರೂ ಯಂತ್ರ ಏಳೋದೇ ಇಲ್ಲ. ಅದರ ವಿನ್ಯಾಸವೇ ಹಾಗೆ. ಇದು ಗೊತ್ತಿಲ್ಲದೆ "ಆನ್ ಮಾಡಿ ನೋಡಿದ್ವಿ, ಡೆಡ್ಡು" ಅಂತ ಗುಜರಿಗೆ ಹಾಕಿದವರು ಎಷ್ಟು ಜನವೋ. ಬೇಕಿದ್ದಿದ್ದು ಬರೀ ಹೊಸ ಬ್ಯಾಟರಿ.

ನಮ್ಮ ಹಳೇ ಕಂಪ್ಯೂಟರ್ ಗ್ರೂಪಿನ ಗೆಳೆಯರೊಬ್ಬರ ವಾದ ಹೀಗಿದೆ: "ಆನ್ ಮಾಡಿ ನೋಡದೆ ದುಡ್ಡು ಕೊಡೋಕೆ ನಾನೇನು ಧರ್ಮಛತ್ರ ಇಟ್ಟಿದೀನಾ?" ನ್ಯಾಯವಾದ ಮಾತು. ತರಕಾರಿ ತಗೊಳ್ಳೋವಾಗ ಬೆಂಡೆಕಾಯಿ ತುದಿ ಮುರಿದು ನೋಡಲ್ವಾ? ನೋಡ್ತೀವಿ. ಆದ್ರೆ ಮುರಿದ ಬೆಂಡೆಕಾಯಿ ಸಾಂಬಾರಿಗಾಗುತ್ತೆ, ಸುಟ್ಟ ಬೋರ್ಡು ಯಾತಕ್ಕೂ ಆಗಲ್ಲ. ಕೆಟ್ಟಿದೆ ಅಂತಲೇ ಲೆಕ್ಕ ಹಾಕಿ ಬೆಲೆ ಕಟ್ಟಿ, ಮುಗೀತು. 'ಟೆಸ್ಟ್ ಮಾಡಿಲ್ಲ' ಅಂತ ಬರೆದು ಮಾರೋರನ್ನ ಜನ ಕಳ್ಳರು ಅಂತಾರೆ. ನನಗೆ ಅವರೇ ದೇವರು.

ಈಗ ತಪ್ಪೊಪ್ಪಿಗೆ. ಇಷ್ಟೆಲ್ಲ ಬೈದ ಮೇಲೆ ಹೇಳದೆ ಇದ್ರೆ ನಿದ್ದೆ ಬರಲ್ಲ.

ಹದಿನಾರು ವರ್ಷದ ಹಿಂದೆ ಅಮೆರಿಕದಲ್ಲಿರೋ ದೊಡ್ಡಮ್ಮನ ಮಗ ನನಗೆ ಅಂತಲೇ ಟಿಆರ್‌ಎಸ್-80 ಮಾಡೆಲ್ 100 ಅನ್ನೋ ಪುಟ್ಟ ಕಂಪ್ಯೂಟರ್ ತಂದುಕೊಟ್ಟಿದ್ದ. 1983ರದ್ದು, ಪುಸ್ತಕದಷ್ಟೇ ದೊಡ್ಡದು, ಎಂಟು ಸಾಲಿನ ಸ್ಕ್ರೀನು. ಪತ್ರಕರ್ತರು ಬಗಲಲ್ಲಿಟ್ಕೊಂಡು ಓಡಾಡಿ ಸುದ್ದಿ ಕಳಿಸ್ತಿದ್ದ ಯಂತ್ರ. ಜೊತೆಗೆ ಅದರದ್ದೇ ಅಡಾಪ್ಟರ್. ರಾತ್ರಿ ಹನ್ನೊಂದು ಗಂಟೆ, ಎಲ್ಲರೂ ಮಲಗಿದ್ರು. ಒಂದ್ಸಲ ಆನ್ ಮಾಡಿ ನೋಡೋಣ ಅನ್ನಿಸ್ತು. ಪಿನ್ ಕನ್ವರ್ಟರ್ ಹಾಕಿ ಗೋಡೆಗೆ ಚುಚ್ಚಿದೆ. ಅಡಾಪ್ಟರ್ 120 ವೋಲ್ಟಿಂದು. ನಮ್ಮ ಗೋಡೇಲಿ 230. ಅಡಾಪ್ಟರೂ ಹೋಯ್ತು, ಯಂತ್ರಾನೂ ಹೋಯ್ತು. ಹೊಟ್ಟೆ ಉರಿಯೋ ಸಂಗತಿ ಏನು ಗೊತ್ತಾ? ಅದಕ್ಕೆ ಅಡಾಪ್ಟರೇ ಬೇಕಿರಲಿಲ್ಲ. ಅದು ನಾಲ್ಕು ಪೆನ್ ಸೆಲ್ಲಿನಲ್ಲಿ ಓಡುತ್ತೆ. ಟಿವಿ ರಿಮೋಟಿಗೆ ಹಾಕ್ತೀವಲ್ಲ, ಅದೇ ಸೆಲ್ಲು. ಅವತ್ತು ರಿಮೋಟು ಪಕ್ಕದಲ್ಲೇ ಇತ್ತು. ಅಣ್ಣನಿಗೆ ಇವತ್ತಿನವರೆಗೂ ಹೇಳಿಲ್ಲ. ಅಣ್ಣ, ಇದನ್ನ ಓದ್ತಿದ್ರೆ... ಕ್ಷಮಿಸು.

ಹಾಗಾಗಿ ನಿನ್ನೆ ಆ ಹುಡುಗನ ಮೇಲೆ ಬಂದ ಸಿಟ್ಟಲ್ಲಿ ಅರ್ಧ ಹಳೇ ಬಾಕಿ.

ರಾತ್ರಿ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಟಿ1000 ಬಿಚ್ಚಿದೆ. ಪುಣ್ಯಕ್ಕೆ 'ಟಪ್' ಅಂದಿದ್ದು ಪವರ್ ಭಾಗದ ಒಂದೇ ಕೆಪಾಸಿಟರ್, ಚಿಪ್ಪುಗಳು ಮೇಲ್ನೋಟಕ್ಕೆ ಚೆನ್ನಾಗೇ ಇವೆ. ನಿಜವಾದ ಕೊಲೆ ಬೇರೆ ಕಡೆ ನಡೀತಿತ್ತು. ಬೋರ್ಡಿಗೇ ಬೆಸುಗೆ ಹಾಕಿದ ಪುಟ್ಟ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಸುತ್ತ ಹಸಿರು-ನೀಲಿ ಕಿಲುಬು ಕಟ್ಟಿತ್ತು, ಹಿತ್ತಾಳೆ ಕೊಡ ತೊಳೀದೆ ಬಿಟ್ಟ ಹಾಗೆ. ಅದು ಕ್ಷಾರ, ತಾಮ್ರದ ಗೆರೆಗಳ ಮೇಲೆ ಹರಿದು, ಮೇಲಿನ ಹಸಿರು ಲೇಪದ ಅಡಿಗೂ ನುಗ್ಗಿ ತಿನ್ನುತ್ತೆ. ಬ್ಯಾಟರಿ ಕಿತ್ತೆ. ಕ್ಷಾರಕ್ಕೆ ಹುಳಿ ಮದ್ದು, ಫ್ರಿಜ್ಜಿಂದ ನಿಂಬೆಹಣ್ಣು ತಂದು ಹಳೇ ಟೂತ್‌ಬ್ರಷ್ಷಲ್ಲಿ ತಿಕ್ಕಿದೆ. ನೊರೆ ಬಂತು. "ಅದು ಚಿತ್ರಾನ್ನಕ್ಕೆ ತಂದಿದ್ದು" ಅಂತ ಒಳಗಿಂದ ದನಿ. "ಎಚ್‌ಡಿಎಂಐ ಕೇಬಲ್ ಎಲ್ಲಿ?" ಅಂತ ಎರಡನೇ ದನಿ.

ನೀರಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಮಲ್ಟಿಮೀಟರ್ ಇಟ್ಟು ಒಂದೊಂದೇ ಗೆರೆ ನೋಡಿದೆ. ಮೂರು ಕಡೆ ಬೀಪ್ ಬರಲಿಲ್ಲ, ಅಂದ್ರೆ ಅಲ್ಲಿ ಗೆರೆ ತುಂಡಾಗಿದೆ. ಬರೀ ಮೂರು! ಕೂದಲೆಳೆ ತಂತಿ ಹಾಕಿದ್ರೆ ಆಯ್ತು. ಕೆಪಾಸಿಟರುಗಳು ಈ ವಾರ ಬರುತ್ತೆ. ಎಲ್ಲ ಬದಲಾದ ಮೇಲೆ, ಬೆಂಚ್ ಸಪ್ಲೈಯಿಂದ, ಅಂದ್ರೆ ಎಷ್ಟು ಕರೆಂಟ್ ಹರೀಬೇಕು ಅಂತ ಮಿತಿ ಕಟ್ಟೋಕಾಗೋ ಪವರ್ ಪೆಟ್ಟಿಗೆಯಿಂದ ಮಾತ್ರ ಕರೆಂಟ್ ಕೊಡ್ತೀನಿ. ಅಲ್ಲಿಯವರೆಗೆ ಬೋರ್ಡು ಅಟ್ಟದ ಮೇಲೆ, ಮೊರದಲ್ಲಿ.

ಹಾಂ, ಯಾರ ಹತ್ರನಾದ್ರೂ ಮೂರೂವರೆ ಇಂಚಿನ 720 ಕೆಬಿ ಫ್ಲಾಪಿ ಇದ್ರೆ ಹೇಳಿ, ಆಟೋ ಮಾಡ್ಕೊಂಡು ಬಂದು ತಗೊಂಡು ಹೋಗ್ತೀನಿ. ಬೂಷ್ಟು ಹಿಡಿದಿದ್ರೂ ಪರವಾಗಿಲ್ಲ, ತೊಳೆಯೋದು ಗೊತ್ತು. ದಯವಿಟ್ಟು ಡ್ರೈವಿಗೆ ಹಾಕಿ ನೋಡೋಕೆ ಮಾತ್ರ ಹೋಗಬೇಡಿ.