ಕಾರಿಗಲ್ಲ, ಕಾಯುವುದಕ್ಕೆ ದುಡ್ಡು

ರಜೆಗೆ ಹೊರಡುವವರು ಹೋಟೆಲ್ ಆರಿಸಲು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಟಿಕೆಟ್ ಬುಕ್ ಮಾಡುವ ಮೊದಲು ಹತ್ತು ಕಡೆ ವಿಚಾರಿಸುತ್ತಾರೆ. ವಿಮಾನ ಇಳಿದ ಮೇಲೆ ಹೋಟೆಲ್‌ವರೆಗೆ ಹೇಗೆ ಹೋಗ್ತೀರಿ ಅಂತ ಕೇಳಿ ನೋಡಿ. ‘ಅಲ್ಲಿ ಹೋಗಿ ನೋಡ್ಕೊಂಡ್ರಾಯ್ತು’ ಎನ್ನುತ್ತಾರೆ. ಊರು ಬಿಟ್ಟು ಹೊರದೇಶದಲ್ಲಿ ಇರುವ ನಮ್ಮಂಥವರಿಗೆ ಈ ಮಾತು ಚೆನ್ನಾಗಿ ಗೊತ್ತು. ರಜೆಗೆ ಬರುವ ನೆಂಟರು, ಗೆಳೆಯರು ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೇಳುವುದು ಇದೊಂದೇ ಪ್ರಶ್ನೆ: ‘ಅಲ್ಲಿ ಟ್ಯಾಕ್ಸಿ ಸಿಗುತ್ತಲ್ವಾ?’

ಸಿಗುತ್ತದೆ. ಎಲ್ಲಿ ಸಿಗುತ್ತದೆ, ಯಾವ ಬಾಗಿಲಲ್ಲಿ ಸಿಗುತ್ತದೆ, ಎಲ್ಲಿಯವರೆಗೆ ಬರುತ್ತದೆ ಅನ್ನುವುದು ಬೇರೆ ಕತೆ. ಮೊದಲೇ ಬುಕ್ ಮಾಡಿಟ್ಟರೆ ಏರ್‌ಪೋರ್ಟಿಗೆ ಬಂದು ಕಾದಿದ್ದು ಹೋಟೆಲ್‌ವರೆಗೆ ಬಿಡುವ ಕಾರೂ ಸಿಗುತ್ತದೆ, ಅದಕ್ಕೆ ಪ್ರೈವೇಟ್ ಟ್ರಾನ್ಸ್‌ಫರ್ ಅನ್ನುತ್ತಾರೆ. ನಾನು ಹೇಳಹೊರಟಿರುವುದು ಮುಖ್ಯವಾಗಿ ಅದರ ವಿಷಯ.

ಎರಡೂ ಕಡೆಯ ರೀತಿ ನೋಡಿದವನಾಗಿ ಒಂದು ಮಾತು ಹೇಳಬೇಕು. ಭಾರತದ ಏರ್‌ಪೋರ್ಟ್‌ಗಳಲ್ಲಿ ಸಾಮಾನ್ಯವಾಗಿ ಟಿಕೆಟ್ ಮತ್ತು ಗುರುತಿನ ಚೀಟಿ ತೋರಿಸದೆ ಟರ್ಮಿನಲ್ ಒಳಗೆ ಬಿಡುವುದಿಲ್ಲ. ಹಾಗಾಗಿ ಕರೆದುಕೊಂಡು ಹೋಗಲು ಬಂದವರು ಹೊರಗೇ ನಿಲ್ಲುತ್ತಾರೆ. ಡ್ರೈವರ್ ಎಲ್ಲೋ ಪಾರ್ಕಿಂಗ್‌ನಲ್ಲಿ ಇರುತ್ತಾನೆ. ‘ಪಿಲ್ಲರ್ ನಂಬರ್ ಎಷ್ಟು ಸಾರ್? ಅಲ್ಲೇ ಇರಿ, ಎರಡು ನಿಮಿಷ’ ಅಂತ ಫೋನಿನಲ್ಲೇ ಎಲ್ಲ ನಡೆಯುತ್ತದೆ. ಯುರೋಪಿನ ಬಹುತೇಕ ಕಡೆ ಹಾಗಿಲ್ಲ. ಅರೈವಲ್ಸ್ ಹಾಲ್‌ಗೆ ಯಾರು ಬೇಕಾದರೂ ಬರಬಹುದು. ಡ್ರೈವರ್ ಕಸ್ಟಮ್ಸ್ ಬಾಗಿಲಿನ ಎದುರೇ ಹೆಸರಿನ ಬೋರ್ಡ್ ಹಿಡಿದು ನಿಂತಿರುತ್ತಾನೆ. ಫೋನ್ ಬರುತ್ತದೆ ಅಂತ ಕಾದರೆ ಎಷ್ಟೋ ಸಲ ಬರುವುದೇ ಇಲ್ಲ. ಬಂದರೂ ನಿಮ್ಮ ಸಿಮ್ ಕೆಲಸ ಮಾಡುತ್ತಿರಬೇಕಲ್ಲ. ಬುಕಿಂಗ್‌ನಲ್ಲಿ ಬರೆದಿರುವುದೇ ಅವನಿಗೆ ವೇದವಾಕ್ಯ.

ಯಾವುದು ಒಳ್ಳೆಯದು ಅಂತ ಕೇಳಿದರೆ, ದಣಿದಿದ್ದಾಗ ಬೋರ್ಡ್, ಎಡವಟ್ಟಾದಾಗ ಫೋನ್. ನಮ್ಮ ಕಡೆಯ ಫೋನಿನ ಪದ್ಧತಿಯಲ್ಲಿ ತಪ್ಪು ಟರ್ಮಿನಲ್ ಬರೆದಿದ್ದರೂ ಹೇಗೋ ಸರಿಹೋಗುತ್ತದೆ. ಬೋರ್ಡಿನ ಪದ್ಧತಿಯಲ್ಲಿ ತಪ್ಪು ಬರೆದರೆ ಆ ಡ್ರೈವರ್ ಇನ್ನೊಂದು ಟರ್ಮಿನಲ್‌ನಲ್ಲಿ ಶಿಸ್ತಾಗಿ ಕಾದು, ಸಮಯ ಮುಗಿದ ಮೇಲೆ ಶಿಸ್ತಾಗಿ ಹೊರಟುಹೋಗುತ್ತಾನೆ.

ಪ್ರೈವೇಟ್ ಟ್ರಾನ್ಸ್‌ಫರ್ ಅಂದಕೂಡಲೇ ಎಲ್ಲರೂ ಯಾವ ಕಾರು, ಏಸಿ ಇದೆಯಾ ಅಂತ ನೋಡುತ್ತಾರೆ. ಕಾರು ಟ್ಯಾಕ್ಸಿ ಸ್ಟ್ಯಾಂಡಿನಲ್ಲೂ ಇರುತ್ತದೆ. ನಾವು ಜಾಸ್ತಿ ದುಡ್ಡು ಕೊಡುವುದು ನಮಗಾಗಿ ಒಬ್ಬ ಕಾದು ನಿಲ್ಲುತ್ತಾನೆ ಅನ್ನುವುದಕ್ಕೆ. ಹಾಗಿದ್ದ ಮೇಲೆ ವಿಚಾರಿಸಬೇಕಾದ್ದು ಅವನು ಎಲ್ಲಿ ಕಾಯುತ್ತಾನೆ, ಯಾವಾಗಿನಿಂದ ಕಾಯುತ್ತಾನೆ, ಎಲ್ಲಿಯವರೆಗೆ ಬಿಡುತ್ತಾನೆ ಅನ್ನುವುದನ್ನು. ಕಾರಿನ ಬಣ್ಣ ಆಮೇಲೆ ನೋಡಿದರಾಯಿತು.

ಮೊದಲನೆಯ ಪ್ರಶ್ನೆಯಲ್ಲೇ ಅರ್ಧ ಜನ ಎಡವುತ್ತಾರೆ. ‘ಲಂಡನ್ ಏರ್‌ಪೋರ್ಟ್’ ಅಂತ ಬರೆದರೆ ಯಾವುದು? ಹೀಥ್ರೂ, ಗ್ಯಾಟ್ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಸಿಟಿ, ಎಲ್ಲವೂ ಲಂಡನ್ನಿನ ಹೆಸರಿನಲ್ಲೇ ಇವೆ. ಬ್ಯಾಂಕಾಕ್‌ಗೆ ಸುವರ್ಣಭೂಮಿ ಮತ್ತು ಡಾನ್ ಮುವಾಂಗ್. ಇಸ್ತಾಂಬುಲ್‌ಗೆ ಯುರೋಪ್ ಕಡೆ ಒಂದು, ಏಷ್ಯಾ ಕಡೆ ಒಂದು. ಪ್ಯಾರಿಸ್ ಹೆಸರು ಹೊತ್ತ ಬೋವೆ ನಿಲ್ದಾಣ ನಗರದಿಂದ 80 ಕಿಲೋಮೀಟರಿಗೂ ದೂರ. ಅಗ್ಗದ ಟಿಕೆಟ್ ಸಿಕ್ಕಿತು ಅಂತ ಖುಷಿಪಡುವ ಮೊದಲು ಇಳಿಯುವುದು ಎಲ್ಲಿ ಅಂತ ನೋಡಿದರೆ ಒಳ್ಳೆಯದು.

ಏರ್‌ಪೋರ್ಟ್ ಸರಿಯಾದ ಮೇಲೆ ಟರ್ಮಿನಲ್. ಈ ನಂಬರುಗಳಿಗೆ ತಲೆಬುಡ ಇರಬೇಕೆಂದು ನಿರೀಕ್ಷಿಸಬೇಡಿ. ಹೀಥ್ರೂನಲ್ಲಿ ಒಂದನೇ ಟರ್ಮಿನಲ್ ಇಲ್ಲ, ಅದು 2015ರಲ್ಲೇ ಮುಚ್ಚಿತು. ಎಣಿಕೆ ಎರಡರಿಂದ ಶುರು. ಎರಡು ಮತ್ತು ಮೂರರ ನಡುವೆ ನಡೆದೇ ಹೋಗಬಹುದು. ನಾಲ್ಕಕ್ಕೆ, ಐದಕ್ಕೆ ರೈಲು ಹತ್ತಬೇಕು. ಪ್ಯಾರಿಸ್‌ನ ಶಾರ್ಲ್ ದ ಗಾಲ್‌ನಲ್ಲಿ ‘ಟರ್ಮಿನಲ್ 2’ ಎಂದರೆ ಏನೂ ಹೇಳಿದಂತಾಗಲಿಲ್ಲ. ಅದರೊಳಗೆ 2ಎ ಇಂದ 2ಜಿವರೆಗೆ ಇವೆ, ಆ 2ಜಿ ಉಳಿದವುಗಳಿಂದ ದೂರದಲ್ಲಿ ಒಂಟಿಯಾಗಿದೆ, ಬಸ್ಸಿನಲ್ಲಿ ಹೋಗಬೇಕು. ದುಬೈನಲ್ಲಿ ಒಂದು ಮತ್ತು ಮೂರು ಅಕ್ಕಪಕ್ಕ, ಎರಡು ಮಾತ್ರ ರನ್‌ವೇಯ ಆಚೆ ಬದಿ. ಸಿಂಗಪುರದ ಚಾಂಗಿಯಲ್ಲಿ ಮೊದಲ ಮೂರಕ್ಕೆ ಪುಟ್ಟ ರೈಲು, ನಾಲ್ಕಕ್ಕೆ ಬಸ್ಸು. ಇವೆಲ್ಲದರ ನಡುವೆ ಆಮ್‌ಸ್ಟರ್‌ಡ್ಯಾಂನ ಸ್ಖಿಪೋಲ್ ಒಂದೇ ಸೂರಿನಡಿ ಇದೆ ಅನ್ನುವುದು ದೊಡ್ಡ ನೆಮ್ಮದಿ. ಅಲ್ಲೂ ಹೊರಬರುವ ಹಾಲ್‌ಗಳು ನಾಲ್ಕು, ಆದರೆ ಒಳಗೊಳಗೇ ನಡೆದು ತಲುಪಬಹುದು.

ನನಗೆ ಎಲ್ಲಕ್ಕಿಂತ ಮಜಾ ಅನಿಸುವುದು ಬಾಸೆಲ್. ಸ್ವಿಟ್ಜರ್ಲೆಂಡಿನ ಊರು, ಏರ್‌ಪೋರ್ಟ್ ಇರುವುದು ಫ್ರಾನ್ಸಿನ ನೆಲದಲ್ಲಿ. ಹೊರಗೆ ಬರುವಾಗ ಸ್ವಿಸ್ ಕಡೆಗೆ ಒಂದು ದಾರಿ, ಫ್ರಾನ್ಸ್ ಕಡೆಗೆ ಒಂದು ದಾರಿ. ಒಂದು ಕಡೆ ಡ್ರೈವರ್, ಇನ್ನೊಂದು ಕಡೆ ನೀವು. ಇಬ್ಬರೂ ‘ನಾನು ಬಾಗಿಲಲ್ಲೇ ನಿಂತಿದ್ದೀನಿ’ ಎನ್ನುತ್ತೀರಿ. ಇಬ್ಬರದೂ ನಿಜ.

ಟರ್ಮಿನಲ್ ಒಳಗೆ ದಾರಿ ಹುಡುಕುವ ವಿಷಯಕ್ಕೆ ಬಂದರೆ, ನಾವು ಬೆಳೆದ ಪದ್ಧತಿ ಯಾರನ್ನಾದರೂ ಕೇಳುವುದು. ಬಸ್ ಸ್ಟ್ಯಾಂಡಿನಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಏರ್‌ಪೋರ್ಟಿನಲ್ಲಿ ನೀವು ಯಾರನ್ನು ಕೇಳುತ್ತೀರೋ ಅವರೂ ನಿಮ್ಮ ಹಾಗೆಯೇ ಬೆಳಿಗ್ಗೆ ಇಳಿದವರು. ಅದಕ್ಕಿಂತ ಫಲಕಗಳನ್ನು ನಂಬುವುದು ವಾಸಿ. ಸ್ಖಿಪೋಲ್‌ನಲ್ಲಿ 1967ರಲ್ಲಿ ಬೆನ್ನೋ ವಿಸ್ಸಿಂಗ್ ಎಂಬ ವಿನ್ಯಾಸಕಾರ ವಿಮಾನಕ್ಕೆ ಸಂಬಂಧಿಸಿದ ಫಲಕಗಳಿಗೆ ಹಳದಿ, ಉಳಿದ ಸೌಲಭ್ಯಗಳಿಗೆ ಹಸಿರು ಅಂತ ಬಣ್ಣ ಬೇರೆ ಮಾಡಿದರು. ಆಮೇಲೆ ಹಳದಿ ಫಲಕ ಎಷ್ಟೋ ಏರ್‌ಪೋರ್ಟ್‌ಗಳಲ್ಲಿ ಕಾಣಿಸಿಕೊಂಡಿತು. ಶಾರ್ಲ್ ದ ಗಾಲ್‌ನಲ್ಲಿ ದೂರದಿಂದ, ಓರೆಯಾಗಿ ನೋಡಿದರೂ ಓದಲು ಬರಲಿ ಅಂತ ಏಡ್ರಿಯನ್ ಫ್ರೂಟಿಗರ್ ಹೊಸ ಅಕ್ಷರವನ್ನೇ ರೂಪಿಸಿದರು. ಇಷ್ಟೆಲ್ಲ ತಲೆ ಓಡಿಸಿ ಮಾಡಿಟ್ಟಿರುವಾಗ ನಾವು ಮುಂದೆ ಹೋಗುವವರ ಬೆನ್ನು ನೋಡಿಕೊಂಡು ನಡೆದರೆ ಹೇಗೆ? ಮುಂದಿನವರು ಬೇರೆ ವಿಮಾನ ಹಿಡಿಯಲು ಹೊರಟಿರಬಹುದು. ಅವರ ಹಿಂದೆ ಹೋದರೆ ಟ್ರಾನ್ಸಿಟ್ ಸಾಲಿನಲ್ಲಿ ನಿಂತು, ಬೆಲ್ಟ್ ಬಿಚ್ಚಿ, ಮತ್ತೆ ತಪಾಸಣೆ ಮಾಡಿಸಿಕೊಂಡು ಅಂಗಡಿ ಸಾಲಿಗೆ ಬಂದು ಬಿದ್ದಿರುತ್ತೀರಿ. ಲಗೇಜು ಅತ್ತ ಬೆಲ್ಟಿನ ಮೇಲೆ ಒಂದೇ ಸುತ್ತುತ್ತಿರುತ್ತದೆ.

ಅಂದಹಾಗೆ, ಜ್ಯೂರಿಕ್‌ನಲ್ಲಿ ಟರ್ಮಿನಲ್ ಒಳಗಿನ ಪುಟ್ಟ ರೈಲಿನಲ್ಲಿ ಹಸುವಿನ ಅಂಬಾ ಕೂಗು, ಕೊರಳ ಗಂಟೆಯ ಸದ್ದು ಕೇಳಿಸುತ್ತಾರೆ. ನಿದ್ದೆಗಣ್ಣಲ್ಲಿ ಇಳಿದವರು ಬೆಚ್ಚಿಬೀಳಬೇಡಿ.

ಈಗ ಕಾಯುವ ಗಡಿಯಾರ. ಬಹಳಷ್ಟು ಟ್ರಾನ್ಸ್‌ಫರ್ ಕಂಪನಿಗಳು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಉಚಿತವಾಗಿ ಕಾಯುತ್ತೇವೆ ಎನ್ನುತ್ತವೆ. ಆ ಒಂದು ಗಂಟೆ ಶುರುವಾಗುವುದು ಯಾವಾಗ? ವಿಮಾನ ನೆಲ ಮುಟ್ಟಿದಾಗಲೋ, ನೀವು ಬುಕಿಂಗ್‌ನಲ್ಲಿ ಬರೆದ ಸಮಯದಿಂದಲೋ? ಎರಡಕ್ಕೂ ಬಹಳ ವ್ಯತ್ಯಾಸ ಇದೆ. ವಿಮಾನದ ನಂಬರ್ ಕೇಳಿ ಅದನ್ನು ಹಿಂಬಾಲಿಸುವ ಕಂಪನಿಯಾದರೆ ವಿಮಾನ ತಡವಾದರೂ ಚಿಂತೆ ಇಲ್ಲ. ಬರೀ ಗಂಟೆ ಕೇಳುವ ಕಂಪನಿಯಾದರೆ, ನೀವು ಇನ್ನೂ ಆಕಾಶದಲ್ಲಿ ಇರುವಾಗಲೇ ಮೀಟರ್ ಓಡುತ್ತಿರುತ್ತದೆ. ನೆಲ ಮುಟ್ಟಿದ ಮೇಲೂ ಕೆಲಸ ಮುಗಿಯಿತು ಅಂತಲ್ಲ. ದೊಡ್ಡ ಏರ್‌ಪೋರ್ಟಿನಲ್ಲಿ ಗೇಟಿಗೆ ಬರಲು, ನಡೆಯಲು, ಇಮಿಗ್ರೇಷನ್ ಸಾಲಿಗೆ, ಸೂಟ್‌ಕೇಸಿಗೆ ಸೇರಿ ಒಂದು ಗಂಟೆ ಸಲೀಸಾಗಿ ಹೋಗುತ್ತದೆ. ಭಾರತದ ಪಾಸ್‌ಪೋರ್ಟ್, ಜೊತೆಗೆ ದೊಡ್ಡ ಲಗೇಜು ಇದ್ದರೆ ಮುಕ್ಕಾಲು ಗಂಟೆಯ ಷರತ್ತಿಗೆ ಒಪ್ಪಿಕೊಳ್ಳಬಾರದು ಅನ್ನುವುದು ನನ್ನ ಅಭಿಪ್ರಾಯ.

ವಿಮಾನ ಬದಲಿಸಿ ಬರುವವರು ಕೊನೆಯ ವಿಮಾನದ ನಂಬರನ್ನೇ ಕೊಡಬೇಕು. ಇದು ಗೊತ್ತಿರುವ ಮಾತು ಅನ್ನಿಸಬಹುದು. ಆದರೆ ಅದರ ಹಿಂದೆ ಇನ್ನೊಂದು ಲೆಕ್ಕ ಇದೆ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ರೋಮ್‌ಗೆ ಹೋದರೆ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ಸಲ ಆಗುವ ಪಾಸ್‌ಪೋರ್ಟ್ ತಪಾಸಣೆ, ಫ್ರಾಂಕ್‌ಫರ್ಟ್‌ನಲ್ಲೇ ಮುಗಿದಿರುತ್ತದೆ. ರೋಮ್‌ನಲ್ಲಿ ಬೇಗ ಹೊರಗೆ ಬಂದುಬಿಡುತ್ತೀರಿ. ‘ಇವರು ಭಾರತದಿಂದ ಬರುವವರು, ಒಂದು ಗಂಟೆ ಬಿಟ್ಟು ಹೋಗೋಣ’ ಅಂತ ಡ್ರೈವರ್ ಅಂದುಕೊಂಡಿದ್ದರೆ ಕಾಯುವ ಸರದಿ ನಿಮ್ಮದು. ಅಮೆರಿಕದಲ್ಲೂ ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್, ಅಲ್ಲೇ ಲಗೇಜು ತೆಗೆದುಕೊಂಡು ಮತ್ತೆ ಕೊಡಬೇಕು. ಅಲ್ಲಿಂದ ಮುಂದಿನದು ದೇಶದೊಳಗಿನ ವಿಮಾನ. ಇಳಿದಾಗ ಕಸ್ಟಮ್ಸ್ ಬಾಗಿಲೇ ಇರುವುದಿಲ್ಲ. ಡ್ರೈವರ್ ಸಿಗುವುದು ಲಗೇಜು ಬೆಲ್ಟಿನ ಹತ್ತಿರ.

ಮಧ್ಯರಾತ್ರಿ ದಾಟಿ ಇಳಿಯುವ ವಿಮಾನಗಳ ತಾರೀಕನ್ನಂತೂ ಎರಡೆರಡು ಸಲ ನೋಡಬೇಕು. 14ರ ರಾತ್ರಿ ಅಂತ ನಾವು ಹೇಳುವ 12.40 ಕಂಪನಿಯ ಲೆಕ್ಕದಲ್ಲಿ 15ನೇ ತಾರೀಕಿನ 00.40. ಒಂದು ದಿನ ಮೊದಲೇ ಬಂದು ಕಾದು ಹೋದ ಡ್ರೈವರ್‌ನನ್ನು ಮರುದಿನ ಬಯ್ದು ಏನು ಪ್ರಯೋಜನ? ಸೂಟ್‌ಕೇಸ್ ಬರದಿದ್ದರೆ ಏರ್‌ಲೈನ್ ಕೌಂಟರ್‌ನಲ್ಲಿ ದೂರು ಬರೆಸದೆ ಹೊರಗೆ ಬರಬಾರದು. ಅದಕ್ಕೆ ಸಮಯ ಹಿಡಿಯುತ್ತದೆ. ಸಾಲಿನಲ್ಲಿ ನಿಲ್ಲುವ ಮೊದಲೇ ಕಂಪನಿಗೆ ಒಂದು ಮೆಸೇಜ್ ಹಾಕಿ. ಏರ್‌ಪೋರ್ಟಿನ ವೈಫೈ ಇರುವುದೇ ಇಂಥದ್ದಕ್ಕೆ.

ಇನ್ನು ಎಲ್ಲಿಯವರೆಗೆ ಅನ್ನುವ ಪ್ರಶ್ನೆ. ಹೋಟೆಲ್ ಬಾಗಿಲವರೆಗೆ ಅಲ್ವಾ, ಇದರಲ್ಲಿ ಕೇಳುವುದೇನು ಅನ್ನಬೇಡಿ. ವೆನಿಸ್‌ಗೆ ಕಾರು ಬುಕ್ ಮಾಡಿದರೆ ಅದು ಊರಿನ ಅಂಚಿನ ಪಿಯಾತ್ಸಾಲೆ ರೋಮಾ ಎಂಬ ಚೌಕದಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ನೀರು, ಸೇತುವೆ, ಮೆಟ್ಟಿಲು. ಸೂಟ್‌ಕೇಸು ನಿಮ್ಮ ಕೈಯಲ್ಲಿ. ಅಲ್ಲಿ ಟ್ರಾನ್ಸ್‌ಫರ್ ಅಂದರೆ ನೀರಿನ ಟ್ಯಾಕ್ಸಿ, ಅದರ ಕಟ್ಟೆಗೂ ಟರ್ಮಿನಲ್‌ನಿಂದ ಒಂದಿಷ್ಟು ನಡೆಯಬೇಕು. ಸ್ವಿಟ್ಜರ್ಲೆಂಡಿನ ಜರ್ಮಾಟ್‌ಗೆ ಹೊರಗಿನ ಕಾರುಗಳಿಗೆ ಪ್ರವೇಶ ಇಲ್ಲ. ಟ್ಯಾಶ್ ಎಂಬ ಊರಿನಲ್ಲಿ ಇಳಿದು ಕೊನೆಯ ಐದು ಕಿಲೋಮೀಟರ್ ರೈಲಿನಲ್ಲಿ ಹೋಗಬೇಕು. ಮಾಲ್ಡೀವ್ಸ್‌ನಲ್ಲಿ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಗಳು, ಅಂದರೆ ಸೀಪ್ಲೇನ್‌ಗಳು, ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತವೆ. ಸಂಜೆ ತಡವಾಗಿ ಮಾಲೆಗೆ ಇಳಿದರೆ, ಸೀಪ್ಲೇನ್‌ನಲ್ಲೇ ಹೋಗಬೇಕಾದ ದ್ವೀಪದ ಕೋಣೆಗೆ ಆ ರಾತ್ರಿ ದುಡ್ಡು ಕಟ್ಟಿದ್ದೂ ದಂಡ. ಅಂಥ ಕಡೆ ವಿಮಾನದ ಟಿಕೆಟ್‌ಗಿಂತ ಮೊದಲು ಟ್ರಾನ್ಸ್‌ಫರ್ ವಿಚಾರಿಸಬೇಕು.

ಮಕ್ಕಳ ಸೀಟಿನ ವಿಷಯದಲ್ಲಿ ನಮ್ಮವರು ಉದಾಸೀನ ಜಾಸ್ತಿ. ತೊಡೆಯ ಮೇಲೆ ಕೂರಿಸಿಕೊಂಡರಾಯಿತು ಎನ್ನುತ್ತಾರೆ. ಬ್ರಿಟನ್ನಿನಲ್ಲಿ 12 ವರ್ಷ ತುಂಬುವವರೆಗೆ ಅಥವಾ 135 ಸೆಂಟಿಮೀಟರ್ ಎತ್ತರ ಆಗುವವರೆಗೆ ಮಕ್ಕಳ ಸೀಟು ಬೇಕು. ಜರ್ಮನಿಯಲ್ಲಿ ಆ ಎತ್ತರ 150 ಸೆಂಟಿಮೀಟರ್. ಡ್ರೈವರ್ ಬಳಿ ಸೀಟು ಇಲ್ಲದಿದ್ದರೆ ಬ್ರಿಟನ್ನಿನಲ್ಲಿ ಟ್ಯಾಕ್ಸಿಗೆ ವಿನಾಯಿತಿ ಇದೆ, ನಿಜ. ಆದರೆ ಕಾನೂನು ಬಿಟ್ಟರೂ ಹೈವೇ ಬಿಡುತ್ತದೆಯೇ? ಮೊದಲೇ ಮಗುವಿನ ವಯಸ್ಸು ಬರೆದು ಕೇಳಿದರೆ ಬಹಳ ಕಂಪನಿಗಳು ಕೊಡುತ್ತವೆ. ಸೂಟ್‌ಕೇಸಿನ ಎಣಿಕೆಯೂ ಹಾಗೆಯೇ. ನಾಲ್ಕು ಜನರ ಕಾರು ಎಂದರೆ ನಾಲ್ಕು ಜನ ಕೂರಬಹುದು ಅಂತ ಅರ್ಥ. ನಾಲ್ಕು ಜನರ ನಾಲ್ಕು ದೊಡ್ಡ ಪೆಟ್ಟಿಗೆ ಹಿಡಿಸುತ್ತವೆ ಅಂತಲ್ಲ.

ಇಷ್ಟು ಹೇಳಿದ್ದಕ್ಕೆ ಎಲ್ಲ ಕಡೆ ಟ್ರಾನ್ಸ್‌ಫರ್ ಮಾಡಿಸಿ ಅಂತ ಅಂದುಕೊಳ್ಳಬೇಡಿ. ಸ್ಖಿಪೋಲ್, ಜ್ಯೂರಿಕ್‌ನಂಥ ಕಡೆ ಟರ್ಮಿನಲ್ ಕೆಳಗೇ ರೈಲು ನಿಲ್ದಾಣ ಇದೆ. ಒಬ್ಬರೋ ಇಬ್ಬರೋ ಇದ್ದು, ಹಗಲಲ್ಲಿ ಇಳಿದು, ಹೋಟೆಲ್ ನಿಲ್ದಾಣದ ಹತ್ತಿರವೇ ಇದ್ದರೆ ಕಾರು ಸುಮ್ನೆ ದುಡ್ಡು ದಂಡ. ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡ ಕಾರಿಗಿಂತ ರೈಲೇ ಮೊದಲು ತಲುಪುತ್ತದೆ. ಪ್ಯಾರಿಸ್‌ನ ಶಾರ್ಲ್ ದ ಗಾಲ್, ಓರ್ಲಿ ಏರ್‌ಪೋರ್ಟ್‌ಗಳಿಂದ ನಗರಕ್ಕೆ, ನ್ಯೂಯಾರ್ಕ್‌ನ ಜೆಎಫ್‌ಕೆಯಿಂದ ಮ್ಯಾನ್‌ಹಟನ್‌ಗೆ ಅಧಿಕೃತ ಟ್ಯಾಕ್ಸಿಗಳಿಗೆ ನಿಗದಿತ ದರ ಇದೆ. ಚೌಕಾಸಿಯ ಗೋಜಿಲ್ಲ, ಸಾಲಿನಲ್ಲಿ ನಿಂತರಾಯಿತು. ಆ ಸಾಲು ತಲುಪುವ ಮೊದಲೇ ‘ಟ್ಯಾಕ್ಸಿ, ಟ್ಯಾಕ್ಸಿ’ ಅಂತ ಅಡ್ಡ ಬರುವವರ ಜೊತೆ ಮಾತ್ರ ಹೋಗಬಾರದು. ಬ್ರಿಟನ್ನಿನಲ್ಲಿ ಹಾಗೆ ಗಿರಾಕಿ ಹಿಡಿಯುವುದು ಅಪರಾಧ. ಆಪ್ ಇದೆಯಲ್ಲ ಅನ್ನುವವರಿಗೂ ಒಂದು ಮಾತು. ಲಾಸ್ ಏಂಜಲೀಸ್‌ನ ದೊಡ್ಡ ಏರ್‌ಪೋರ್ಟಿನಲ್ಲಿ 2019ರಲ್ಲಿ ಆಪ್ ಕಾರು, ಟ್ಯಾಕ್ಸಿ ಹತ್ತುವ ಜಾಗವನ್ನು ಟರ್ಮಿನಲ್ ಬಾಗಿಲಿಂದ ತೆಗೆದು ಪಕ್ಕದ ಒಂದು ಅಂಗಳಕ್ಕೆ ಹಾಕಿದರು. ಬೇರೆ ಕಡೆಗಳಲ್ಲೂ ಆಪ್ ಕಾರಿಗೆ ಪಾರ್ಕಿಂಗ್ ಮಹಡಿ ಹುಡುಕಿಕೊಂಡು ಹೋಗಬೇಕಾಗುವುದುಂಟು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ, ರಾತ್ರಿ ಇಳಿಯುವುದಾದರೆ, ಹೋಟೆಲ್ ಹಳ್ಳಿಯ ಕಡೆ ಇದ್ದರೆ ಬೋರ್ಡ್ ಹಿಡಿದು ನಿಲ್ಲುವವನಿಗೆ ಕೊಡುವ ದುಡ್ಡು ಜಾಸ್ತಿ ಅನಿಸುವುದಿಲ್ಲ.

ವಾಪಸ್ ಹೊರಡುವ ದಿನದ ಗಡಿಯಾರ ಬೇರೆ. ಹೋಟೆಲಿನ ಮುಂದೆ ಕಾಯುವುದು ಸಾಮಾನ್ಯವಾಗಿ ಕಾಲು ಗಂಟೆ ಮಾತ್ರ, ಕೆಲವರು ಅದಕ್ಕಿಂತ ಕಡಿಮೆ. ಬರುವಾಗ ಒಂದು ಗಂಟೆ ಕಾದಿದ್ದನಲ್ಲ ಅಂತ ನಿಧಾನವಾಗಿ ತಿಂಡಿ ಮುಗಿಸಿ, ಬಿಲ್ ಕಟ್ಟಿ ಕೆಳಗೆ ಬಂದರೆ ಕಾರು ಇರುವುದಿಲ್ಲ. ಇಳಿದ ಟರ್ಮಿನಲ್‌ನಿಂದಲೇ ವಾಪಸ್ ವಿಮಾನ ಹೊರಡಬೇಕೆಂದೂ ಇಲ್ಲ. ಹಿಂದಿನ ಸಂಜೆಯೇ ಏರ್‌ಲೈನ್ ಆಪ್‌ನಲ್ಲಿ ಟರ್ಮಿನಲ್ ನೋಡಿ ಡ್ರೈವರ್‌ಗೆ ಕಳುಹಿಸಿಬಿಡಿ.