ಒಂದು ಮನೆ, ಎರಡು ವೇಷ

ಮೈಸೂರಿನಲ್ಲಿ ಹಳೆ ಮನೆ ಮಾರಬೇಕಾದರೆ, ಅದರಲ್ಲಿ ಇಷ್ಟು ವರ್ಷ ಯಾರೂ ಬಾಳಿಲ್ಲ ಅಂತ ಮೊದಲು ಸಾಬೀತು ಮಾಡಬೇಕಂತೆ. ಬ್ರೋಕರ್ ಹಾಗೆ ಹೇಳುತ್ತಾರೆ. ಬ್ರೋಕರ್‌ಗೆ ಯೂಟ್ಯೂಬ್ ಹೇಳಿದೆ. ಯೂಟ್ಯೂಬ್‌ಗೆ ಅಮೆರಿಕ ಹೇಳಿದೆ. ಅಲ್ಲಿ ಬಾರ್ಬ್ ಶ್ವಾರ್ಜ್ ಎಂಬ ಮಹಿಳೆ 1972ರಲ್ಲೇ ಈ ಹೋಮ್ ಸ್ಟೇಜಿಂಗ್ ಕಸುಬಿಗೆ ನಾಂದಿ ಹಾಡಿದರು ಅನ್ನುತ್ತಾರೆ. ಖಾಲಿ ಮನೆಗೆ ಬಾಡಿಗೆ ಸೋಫಾ ತಂದಿಡುವುದು, ಓವನ್‌ನಲ್ಲಿ ಬಿಸ್ಕೆಟ್ ಬೇಯಿಸಿ ಘಮ ಹಬ್ಬಿಸುವುದು, ಆಮೇಲೆ ಗಿರಾಕಿಯನ್ನು ಒಳಗೆ ಬಿಡುವುದು. ನಮ್ಮಲ್ಲಿ ಒಂದು ತೊಡಕಿದೆ. ಮನೆ ಖಾಲಿ ಇರುವುದಿಲ್ಲ. ಒಳಗೆ ಮೇಷ್ಟ್ರು ಇರುತ್ತಾರೆ.

ಕುವೆಂಪುನಗರದ ಒಬ್ಬ ನಿವೃತ್ತ ಮೇಷ್ಟ್ರನ್ನು ಊಹಿಸಿಕೊಳ್ಳಿ. 30-40 ಸೈಟು, ರೆಡ್ ಆಕ್ಸೈಡ್ ನೆಲ, ಮುಂದೆ ಒಂದು ಕರಿಬೇವಿನ ಗಿಡ. ಮಗ ಬೆಂಗಳೂರಿನಲ್ಲಿದ್ದಾನೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದಾಗ ಬೆಂಗಳೂರಿನವರೆಲ್ಲ ಮೈಸೂರಿಗೆ ಬಂದು ನೆಲೆಸುತ್ತಾರೆ ಅಂತ ಸೈಟು ಮಾರುವವರು ಕುಣಿದರು. ಮೇಷ್ಟ್ರ ಮನೆಯಲ್ಲಿ ಆದದ್ದೇ ಬೇರೆ. ‘ಹೇಗೂ ಹತ್ತಿರ ಆಯ್ತಲ್ಲಪ್ಪ, ಅದನ್ನ ಮಾರಿ ಇಲ್ಲೇ ಬಂದುಬಿಡಿ’ ಅಂದ ಮಗ.

ಸರಿ, ಮನೆ ಸಿಂಗಾರ ಮಾಡುವ ಹುಡುಗಿ ಟ್ಯಾಬ್ ಹಿಡಿದು ಬರುತ್ತಾಳೆ. ಮನೆಯೆಲ್ಲ ಸುತ್ತಿ ನೋಡಿ, ‘ಅಂಕಲ್, ಇಲ್ಲಿ ನೀವು ತುಂಬಾ ಕಾಣಿಸ್ತೀರಿ’ ಅನ್ನುತ್ತಾಳೆ. ಆವತ್ತಿನಿಂದ ಮೇಷ್ಟ್ರನ್ನು ಮನೆಯಿಂದ ಅಳಿಸುವ ಕೆಲಸ ಶುರು. ಮದುವೆ ಫೋಟೋ ಇಳಿಯಿತು. ಹಾರ ಹಾಕಿದ ಅಪ್ಪ ಅಮ್ಮನ ಫೋಟೋ ಬೀರುವಿನ ಹಿಂದಕ್ಕೆ ಹೋಯಿತು. ಒಂಟಿಕೊಪ್ಪಲ್ ಪಂಚಾಂಗ ಮೊಳೆಯಿಂದ ಕೆಳಗಿಳಿಯಿತು, ಮೊಳೆಯೂ ಹೋಯಿತು. ಸಾರಿನಪುಡಿ ತುಂಬಿದ ಹಾರ್ಲಿಕ್ಸ್ ಬಾಟಲಿಗಳು, ಈಳಿಗೆಮಣೆ, ಗ್ರೈಂಡರ್ ಎಲ್ಲಾ ಅಟ್ಟ ಸೇರಿದವು. ಅಡುಗೆಮನೆ ಕಟ್ಟೆಯ ಮೇಲೆ ಈಗ ಒಂದು ಬಿಳಿ ಬಟ್ಟಲು, ಅದರಲ್ಲಿ ಆರು ಹಸಿರು ಸೇಬು. ರೆಡ್ ಆಕ್ಸೈಡ್ ನೆಲ ಹಳೇ ಕಾಲದ್ದಾಗಿ ಕಾಣುತ್ತದೆ ಅಂತ ಅದರ ಮೇಲೆ ಬಾಡಿಗೆ ಕಾರ್ಪೆಟ್. ಇದೇ ನೆಲ ಗೋಕುಲಂನ ಹೋಮ್‌ಸ್ಟೇಯಲ್ಲಿದ್ದರೆ ಯೋಗ ಕಲಿಯಲು ಬಂದ ವಿದೇಶದವರು ಬಗ್ಗಿ ಫೋಟೋ ತೆಗೆಯುತ್ತಾರೆ, ಅದು ಬೇರೆ ಮಾತು.

ಆಮೇಲೆ ನಿಯಮಗಳು. ಗಿರಾಕಿ ಬರುವ ದಿನ ಒಗ್ಗರಣೆ ಹಾಕಬಾರದು. ಬಟ್ಟೆ ಒಣಹಾಕಬಾರದು. ಸೋಫಾ ಮೇಲಿನ ಐದು ಕುಶನ್ ಕದಲಬಾರದು, ಅಂದರೆ ಸೋಫಾ ಮೇಲೆ ಯಾರೂ ಕೂರಬಾರದು. ಅಜ್ಜಿಯನ್ನು ಪಕ್ಕದ ಮನೆ ಜಗಲಿಗೆ ಸಾಗಿಸಬೇಕು. ಕಾಫಿ ವಾಸನೆಗೆ ಮಾತ್ರ ಅನುಮತಿ ಇದೆ. ಹಾಗಾಗಿ ಯಾರೂ ಕುಡಿಯದ ಕಾಫಿ ಒಲೆಯ ಮೇಲೆ ಕುದಿಯುತ್ತಿರುತ್ತದೆ. ಫೋಟೋ ತೆಗೆಯಲು ವೈಡ್ ಆ್ಯಂಗಲ್ ಲೆನ್ಸಿನವನೂ ಬರುತ್ತಾನೆ. ಅವನ ಕೈಯಲ್ಲಿ ಹತ್ತಡಿ ಕೋಣೆ ಅರಮನೆಯ ದರ್ಬಾರ್ ಹಾಲ್ ಆಗುತ್ತದೆ.

ಇದರಿಂದ ಲಾಭವೇ ಇಲ್ಲ ಅಂತಲ್ಲ. ತೊಟ್ಟಿಕ್ಕುವ ನಲ್ಲಿ ರಿಪೇರಿಯಾಯಿತು, ಕಿಟಕಿಯ ಧೂಳು ಹೋಯಿತು, ಬೆಳಕು ಒಳಗೆ ಬಂತು. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಆದರೆ ಬಚ್ಚಲಿನ ಹಿಂದಿನ ಗೋಡೆಯ ತೇವಕ್ಕೆ ಮದ್ದು ಮಾಡದೆ ಬಣ್ಣ ಬಳಿದರಲ್ಲ, ಅದು ಸಿಂಗಾರ ಅಲ್ಲ, ಮೋಸ.

ಇನ್ನು ಗಿರಾಕಿ. ನಮ್ಮಲ್ಲಿ ಮನೆ ನೋಡಲು ಒಬ್ಬರೇ ಬರುವ ಪದ್ಧತಿ ಇಲ್ಲ. ಗಂಡ, ಹೆಂಡತಿ, ಹೆಂಡತಿಯ ಅಪ್ಪ, ದಿಕ್ಸೂಚಿ ಹಿಡಿದ ವಾಸ್ತುವಿನವರು, ಸುಮ್ನೆ ಜೊತೆಗೆ ಬಂದ ಒಬ್ಬ ಗೆಳೆಯ. ಅವರು ಕುಶನ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ‘ನೀರು ಕಾವೇರಿದೋ, ಕಬಿನಿದೋ? ಸಂಪು ಎಷ್ಟು ಲೀಟರು?’ ಅಂದರು. ಅಡುಗೆಮನೆ ಆಗ್ನೇಯದಲ್ಲಿದೆಯಾ ಅಂತ ಅಳೆದರು. ಮಾವನವರು ಒಂದು ಸೇಬು ಎತ್ತಿ ಹಿಚುಕಿದರು. ಅದು ಪಟ್ ಅಂತ ಒಡೆಯಿತು. ‘ಪ್ಲಾಸ್ಟಿಕ್ಕು’ ಅಂತ ಘೋಷಿಸಿದರು. ಅಲ್ಲಿಂದ ಮುಂದೆ ಸಿಕ್ಕ ಗೋಡೆಯನ್ನೆಲ್ಲಾ ಕುಟ್ಟಿ ನೋಡುತ್ತಾ ಹೋದರು.

ಹೇಗೋ ರೇಟು ಕುದುರಿತು. ಮೊದಲನೇ ಅಂಕ ಅಲ್ಲಿಗೆ ಮುಗಿಯಿತು. ನಿಜವಾದ ಕಲಾವಿದರು ಎರಡನೇ ಅಂಕದಲ್ಲಿ ಬರುತ್ತಾರೆ.

ಅದು ನಡೆಯುವುದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ. ಕರ್ನಾಟಕದಲ್ಲಿ 45 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಹಾಗಾಗಿ ಈಗ ಅದೇ ಮನೆಗೆ ಬಡತನದ ವೇಷ ಹಾಕಬೇಕು. ಜಾಹೀರಾತಿನಲ್ಲಿ ‘ಪ್ರೀಮಿಯಂ ವಿಲ್ಲಾ’ ಆಗಿದ್ದದ್ದು ಕ್ರಯಪತ್ರದಲ್ಲಿ ‘ಹಳೆಯ ಕಟ್ಟಡ, ರೆಡ್ ಆಕ್ಸೈಡ್ ನೆಲ, ಕಾಡುಮರದ ಬಾಗಿಲು ಕಿಟಕಿ’ ಆಗುತ್ತದೆ. ಇಷ್ಟು ದಿನ ಕಾರ್ಪೆಟ್ ಕೆಳಗೆ ನಾಚಿ ಮಲಗಿದ್ದ ನೆಲ ಈಗ ಕಥಾನಾಯಕ. ಬೆಲೆ ಎಷ್ಟು ಅಂದರೆ, ಸರ್ಕಾರದ ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ಅದು ನಿಗದಿ ಮಾಡಿದ ಕನಿಷ್ಠ ಬೆಲೆ, ಎಷ್ಟಿದೆಯೋ ಅಷ್ಟೇ, ಒಂದು ರೂಪಾಯಿ ಜಾಸ್ತಿ ಇಲ್ಲ. ಅದೇ ಮನೆ ಸಂಜೆ ಕಾಫಿಗೆ ಕೋಟಿ ದಾಟಿತ್ತು, ಬೆಳಿಗ್ಗೆ ಟೋಕನ್ ತೆಗೆದುಕೊಳ್ಳುವ ಹೊತ್ತಿಗೆ ಸೊರಗಿಹೋಗಿದೆ.

ಉಳಿದದ್ದು? ಅದು ಬ್ಯಾಗಿನಲ್ಲಿ ಬರುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯಬಾರದು ಅಂತ 2015ರಿಂದ ಕಾನೂನಿದೆ. ಸಿಕ್ಕಿಬಿದ್ದರೆ ಪಡೆದಷ್ಟೇ ಮೊತ್ತದ ದಂಡ. ಮೇಷ್ಟ್ರು ಮೂವತ್ತು ವರ್ಷ ಪೌರನೀತಿ ಪಾಠ ಮಾಡಿದವರು. ‘ಇದೆಲ್ಲಾ ಬೇಡಪ್ಪ, ಪೂರ್ತಿ ಬಿಳಿಯಲ್ಲೇ ಕೊಡಿ’ ಅಂದರು. ಮಾವನವರಿಗೆ ಆಶ್ಚರ್ಯ. ‘ಬಿಳಿಯಲ್ಲಾದ್ರೆ ರೇಟು ಇಳಿಸಬೇಕಾಗತ್ತೆ ಮೇಷ್ಟ್ರೇ’ ಅಂದರು. ಮಗನ ಫೋನು ಬಂತು. ಮೇಷ್ಟ್ರು ಎದ್ದು ಕರಿಬೇವಿನ ಗಿಡಕ್ಕೆ ನೀರು ಹಾಕಲು ಹೋದರು. ಬ್ಯಾಗು ಬಾಡಿಗೆ ಟೀಪಾಯಿಯ ಮೇಲೆ ಬಿಚ್ಚಿಕೊಂಡಿತು.

ರಿಜಿಸ್ಟ್ರೇಷನ್ ಆದ ಮೇಲೆ ಕೊಂಡವರು ಜೆಸಿಬಿ ಕರೆಸಿದರು. ಅವರಿಗೆ ಬೇಕಾಗಿದ್ದದ್ದು ಸೈಟು. ಅಲ್ಲಿ ಈಗ ಪಿಜಿ ಏಳುತ್ತಿದೆ. ಹಾಗಾದರೆ ಆ ಕಾರ್ಪೆಟ್ಟು, ಆ ಕುದಿಯುವ ಕಾಫಿ, ಪಕ್ಕದ ಮನೆ ಜಗಲಿಯ ಅಜ್ಜಿ, ಇದೆಲ್ಲ ಯಾವ ಕರ್ಮಕ್ಕೆ ಅಂತ ಕೇಳಬೇಡಿ. ಬ್ರೋಕರ್ ತಮ್ಮ ಕಮಿಷನ್ ಎಣಿಸಿಕೊಂಡು ವಿಜಯನಗರದ ಇನ್ನೊಬ್ಬ ಮೇಷ್ಟ್ರ ಮನೆಗೆ ಹೊರಟಾಗಿದೆ.

ಸಿಂಗಾರದ ಹುಡುಗಿಯ ಬಿಲ್ಲು ವಾಟ್ಸಾಪ್‌ಗೆ ಬಂತು. ಸೋಫಾ, ಕಾರ್ಪೆಟ್, ಟೀಪಾಯಿ, ಐದು ಕುಶನ್, ಒಡೆದ ಸೇಬು ಒಂದು, ಜಿಎಸ್‌ಟಿ ಪ್ರತ್ಯೇಕ. ಇಡೀ ವ್ಯವಹಾರದಲ್ಲಿ ಪೈಸೆ ಪೈಸೆಗೂ ಲೆಕ್ಕವಿದ್ದ ಕಾಗದ ಅದೊಂದೇ. ಮೇಷ್ಟ್ರು ಅದನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದಾರಂತೆ.