ರೋಮ್ ಶಾಸನದಾಣೆಗೂ ಅನುಮತಿ ಇಲ್ಲ

ಮತ್ತೆ ಶುರುವಾಗಿದೆ. ‘ನನ್ನ ಫೋಟೊ, ಮಾಹಿತಿ ಬಳಸಲು ಫೇಸ್‌ಬುಕ್‌ಗೆ ಅನುಮತಿ ಕೊಡುವುದಿಲ್ಲ, ನಾಳೆಯಿಂದ ಹೊಸ ನಿಯಮ, ಶೇರ್ ಬೇಡ, ಕಾಪಿ ಪೇಸ್ಟ್ ಮಾಡಿ.’ ಈ ನಾಳೆ 2012ರಿಂದಲೂ ಬರುತ್ತಲೇ ಇದೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನೇ ವಾಪಸ್ ಕಳಿಸಿದ ಜನ ನಾವು. ಜುಕರ್‌ಬರ್ಗ್ ಯಾವ ಲೆಕ್ಕ?

ಒಕ್ಕಣೆಯಲ್ಲಿ ಕಾನೂನಿನ ಗತ್ತೂ ಇದೆ: ಉಲ್ಲಂಘಿಸಿದರೆ ರೋಮ್ ಶಾಸನದ ಪ್ರಕಾರ ಶಿಕ್ಷೆ. ಆ ಶಾಸನ 1998ರದ್ದು. ನರಮೇಧ, ಯುದ್ಧಾಪರಾಧಗಳ ವಿಚಾರಣೆಗೆ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ಕೋರ್ಟು ಹುಟ್ಟಿದ್ದು ಅದರಿಂದ. ಭಾರತ ಅದಕ್ಕೆ ಸಹಿಯನ್ನೇ ಹಾಕಿಲ್ಲ. ಇರಲಿ, ಅರಸೀಕೆರೆಯ ನಿವೃತ್ತ ಹೆಡ್‌ಮಾಸ್ತರರ ಮೊಮ್ಮಗಳ ನಾಮಕರಣದ ಫೋಟೊ ಮುಟ್ಟಿದರೆ ಕೇಸು ಸೀದಾ ಹೇಗ್‌ಗೇ.

ಅದೇ ಫೋಟೊದ ಮೇಲೆ, ತಾರೀಖಿನ ಪಕ್ಕ, ಭೂಗೋಳದ ಪುಟ್ಟ ಗುರುತಿದೆ ನೋಡಿ. ಹಾಗೆಂದರೆ ಪಬ್ಲಿಕ್, ಯಾರು ಬೇಕಾದರೂ ನೋಡಬಹುದು. ಅದನ್ನು ‘ಫ್ರೆಂಡ್ಸ್’ ಮಾಡಿದರೆ ಭೂಗೋಳ ಹೋಗಿ ತಲೆಗಳ ಗುರುತು ಬರುತ್ತದೆ. ಹಳೆಯ ಪೋಸ್ಟುಗಳನ್ನೆಲ್ಲ ಒಂದೇ ಏಟಿಗೆ ಮುಚ್ಚಬೇಕೆಂದರೆ ಸೆಟ್ಟಿಂಗ್ಸ್‌ನಲ್ಲಿ ‘ಲಿಮಿಟ್ ಪಾಸ್ಟ್ ಪೋಸ್ಟ್ಸ್’ ಇದೆ. ಇದರಿಂದ ಕಂಪನಿಯ ಕಣ್ಣು ತಪ್ಪುವುದಿಲ್ಲ, ಅಪರಿಚಿತರ ಕಣ್ಣು ತಪ್ಪುತ್ತದೆ. ಆದರೆ ಅಪರಿಚಿತರೂ ನೋಡದಿದ್ದರೆ ಲೈಕು ಎಲ್ಲಿಂದ ಬರಬೇಕು? ಹಾಗಾಗಿ ಭೂಗೋಳ ಅಲ್ಲೇ ಇರಲಿ, ಪ್ರತಿಜ್ಞೆಯನ್ನೂ ಅದರಡಿಯಲ್ಲೇ ಹಾಕೋಣ.

ಶೇರ್ ಬೇಡ, ಕಾಪಿ ಪೇಸ್ಟ್ ಮಾಡಿ ಎನ್ನುವುದರಲ್ಲಿ ಬುದ್ಧಿವಂತಿಕೆ ಇದೆ, ಒಪ್ಪಬೇಕು. ಶೇರ್ ಮಾಡಿದರೆ ಮೂಲ ಅಳಿಸಿದ ಕೂಡಲೇ ಬಾಲವೂ ಹೋಗುತ್ತದೆ. ಕಾಪಿ ಮಾಡಿದರೆ ಪ್ರತಿಯೊಂದೂ ಹೊಸ ಪೋಸ್ಟು, ಮೊದಲು ಬರೆದ ಮಹಾನುಭಾವ ಯಾರೆಂದು ಬ್ರಹ್ಮನಿಗೂ ತಿಳಿಯದು.

ಪ್ರತಿಜ್ಞೆ ಮುಗಿಸಿ ಕೈತೊಳೆದು ಅದೇ ಮಾಸ್ತರರು ‘ಹಿಂದಿನ ಜನ್ಮದಲ್ಲಿ ನೀವು ಯಾವ ರಾಜ?’ ಎಂಬುದನ್ನು ಒತ್ತುತ್ತಾರೆ. ಹೆಸರು, ಹುಟ್ಟಿದ ದಿನ, ಸ್ನೇಹಿತರ ಪಟ್ಟಿ ನೋಡಲು ಅದು ಅನುಮತಿ ಕೇಳುತ್ತದೆ. ಕೊಟ್ಟರಾಯಿತು. ಕೃಷ್ಣದೇವರಾಯ ಎಂದು ಬರುತ್ತದೆ, ಯಾವಾಗಲೂ ಕೃಷ್ಣದೇವರಾಯನೇ, ಒಬ್ಬನಾದರೂ ಪಾಳೇಗಾರನ ಲೆಕ್ಕಿಗ ಆಗಿದ್ದ ಉದಾಹರಣೆ ಇಲ್ಲ. ಫೇಸ್‌ಬುಕ್ ಬಳಸುವವರ ಮಾಹಿತಿ ಚುನಾವಣಾ ಪ್ರಚಾರದ ಕಂಪನಿಯೊಂದರ ಕೈಸೇರಿದ ಕೇಂಬ್ರಿಡ್ಜ್ ಅನಾಲಿಟಿಕಾ ಹಗರಣದ ಹಿಂದೆ ಇದ್ದದ್ದೂ ಇಂಥದ್ದೇ ಒಂದು ಕ್ವಿಜ್ ಆ್ಯಪ್. 2018ರಲ್ಲಿ ಫೇಸ್‌ಬುಕ್ಕೇ ಕೊಟ್ಟ ಲೆಕ್ಕ: ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು 335 ಮಂದಿ. ಮಾಹಿತಿ ಸೋರಿರಬಹುದಾದವರು 5.62 ಲಕ್ಷ. ಆಡಿದವರಿಗಾದರೂ ರಾಜನ ಪಟ್ಟ ಸಿಗುತ್ತದೆ, ಅವರ ಸ್ನೇಹಿತರಾಗಿದ್ದ ತಪ್ಪಿಗೆ ಸಿಕ್ಕಿಬಿದ್ದವರಿಗೆ ಅದೂ ಇಲ್ಲ.

ಇದನ್ನೆಲ್ಲ ನೋಡಿ ನಗುವವರು ಇನ್‌ಸ್ಟಾಗ್ರಾಂನಲ್ಲಿದ್ದಾರೆ. ಫೇಸ್‌ಬುಕ್ ಅಂಕಲ್‌ಗಳದ್ದು, ವಾಟ್ಸ್‌ಆ್ಯಪ್ ಅತ್ತೆಯಂದಿರದ್ದು, ನಾವು ಬೇರೆ. ಮೂರೂ ಮೆಟಾ ಎಂಬ ಒಂದೇ ಕಂಪನಿಯದ್ದು ಎನ್ನುವುದು ಹಾಗಿರಲಿ. 2024ರ ಸೆಪ್ಟೆಂಬರಿನಲ್ಲಿ ‘ಗುಡ್‌ಬೈ ಮೆಟಾ ಎಐ’ ಎಂಬ ಹೆಸರಿನಲ್ಲಿ ಇದೇ ಪ್ರತಿಜ್ಞೆ ಇನ್‌ಸ್ಟಾ ಸ್ಟೋರಿಗಳಲ್ಲಿ ಓಡಿತು. ಅಮೆರಿಕದ ಫುಟ್‌ಬಾಲ್ ತಾರೆ ಟಾಮ್ ಬ್ರಾಡಿ ಕೂಡ ಹಾಕಿದರು. ಅಂಕಲ್‌ಗಳು ಪಾಪ ಬೆರಳೊತ್ತಿ ಹಿಡಿದು ಕಾಪಿ ಮಾಡಬೇಕಿತ್ತು, ಇವರಿಗೆ ‘ಆ್ಯಡ್ ಯುವರ್ಸ್’ ಒತ್ತಿದರೆ ಮುಗಿಯಿತು.

ಮಾಲೂ ಒಂದೇ, ಗಿರಾಕಿಗಳಷ್ಟೇ ಬೇರೆ. ಇಂದು ರೀಲ್ಸ್‌ನಲ್ಲಿ ಬಂದ ವಿಡಿಯೊ ಸ್ವಲ್ಪ ದಿನಕ್ಕೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ, ಆಮೇಲೆ ಫ್ಯಾಮಿಲಿ ಗ್ರೂಪಿಗೆ, ಕೊನೆಗೆ ಫೇಸ್‌ಬುಕ್ಕಿಗೆ ಹೋಗುತ್ತದೆ. ಕಡೆಕಡೆಗೆ ಮುಖವೇ ಕಾಣದು, ಏಕೆಂದರೆ ಪ್ರತಿ ಬಾರಿ ಇಳಿಸಿಕೊಂಡು ಹೊಸದಾಗಿ ಏರಿಸಿದಾಗ ಅದನ್ನು ಇನ್ನಷ್ಟು ಹಿಂಡಿ ಚಿಕ್ಕದು ಮಾಡಲಾಗುತ್ತದೆ. ಸ್ಕ್ರೀನ್ ರೆಕಾರ್ಡ್ ಮಾಡಿದರೆ ಬ್ಯಾಟರಿಯ ಗುರುತೂ ಸೇರಿಕೊಳ್ಳುತ್ತದೆ. ಸೇರಿಸುವುದರಿಂದ ತೊಂದರೆಯಿಲ್ಲ. ಕತ್ತರಿಸುವುದರಿಂದ ಇದೆ.

2018ರಲ್ಲಿ ಓಡಾಡಿದ ಮಕ್ಕಳ ಕಳ್ಳರ ವಿಡಿಯೊ ನೆನಪಿರಬೇಕು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯ ಜಾಗೃತಿ ವಿಡಿಯೊ. ಕೊನೆಯಲ್ಲಿ ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದರು. ಆ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಅವನ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅಪರಾಧ. ಇದನ್ನು ಎಷ್ಟು ಸಲ ಬರೆಯುವುದು? ನಗಿಸುವಂಥದ್ದು ಇದರಲ್ಲಿ ಏನೂ ಇಲ್ಲ.

ಅದಾಗಿ ಒಂದು ವಾರದೊಳಗೆ ವಾಟ್ಸ್‌ಆ್ಯಪ್ ಭಾರತಕ್ಕೊಂದು ಮಿತಿ ಪ್ರಕಟಿಸಿತು: ಒಮ್ಮೆಗೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್. ಐದು ಚಾಟ್ ಅಂದರೆ ಐದು ಜನವೇ ಆಗಬೇಕಿಲ್ಲ, ಐದು ಗ್ರೂಪೂ ಆಗಬಹುದು. ಆಗ ಗ್ರೂಪಿಗೆ 256 ಮಂದಿ, ಒಟ್ಟು 1280. ಆಮೇಲೆ ಜೋಡಿ ಬಾಣದ ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಗುರುತು ಬಂತು. ಎಚ್ಚರಿಕೆಗೆಂದು ಇಟ್ಟದ್ದನ್ನು ನಮ್ಮವರು ಐಎಸ್‌ಐ ಮಾರ್ಕಿನಂತೆ ಓದಿದರು. 2020ರಲ್ಲಿ ಅಂಥ ಮೆಸೇಜು ಒಮ್ಮೆಗೆ ಒಂದೇ ಚಾಟ್‌ಗೆ ಎಂದಾಯಿತು. ಅಕ್ಷರಗಳಿದ್ದರೆ ಕಾಪಿ ಪೇಸ್ಟ್ ಮಾಡಿದರೆ ಸಾಕು, ಬಾಣವೂ ಮಾಯ, ಮಿತಿಯೂ ಮಾಯ. 2022ರಲ್ಲಿ ಗ್ರೂಪನ್ನೇ ದೊಡ್ಡದು ಮಾಡಿದರು. ಈಗ ಒಂದೇ ಗ್ರೂಪಿನಲ್ಲಿ 1024 ಜನ.